ಚಾಪೆಯವರು, ಬೆಂಚಿನವರು ಮತ್ತು ನಾನು

ನೀನು ಎಂಥವನು ಎಂದು ಕೇಳಿದರೆ ಥಟ್ಟನೆ ಉತ್ತರ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ಕಾಫಿಯೋ ಟೀಯೋ ಎಂದು ಕೇಳಿದರೂ ನಾನು ಕಿಟಕಿಯಾಚೆ ನೋಡುತ್ತ ಯೋಚನೆಗೆ ಬೀಳುತ್ತೇನೆ. ಅಷ್ಟರಲ್ಲಿ ಕೇಳಿದವರು ತಮಗೆ ತೋಚಿದ್ದನ್ನು ತಂದಿಟ್ಟಿರುತ್ತಾರೆ. ನನಗೆ ಬೇಕಾಗಿದ್ದುದೂ ಅದೇ ಎಂದುಕೊಂಡು ಕುಡಿಯುತ್ತೇನೆ. ಹೀಗೆ ಅರ್ಧ ಆಯುಷ್ಯವನ್ನು ನೆಮ್ಮದಿಯಾಗಿ ಕಳೆದಿದ್ದ ನನ್ನನ್ನು ಒಂದು ಭಾನುವಾರ ನಮ್ಮ ಸಭೆಗೆ ಹೊಸದಾಗಿ ಬಂದ ಪಾದ್ರಿ ಅಯ್ಯನವರು ಮರದ ನೆರಳಿನಲ್ಲಿ ಹಿಡಿದು ನಿಲ್ಲಿಸಿ, ನೀವು ಕನ್ಸರ್ವೇಟಿವ್ ಕ್ರೈಸ್ತರೋ ಲಿಬರಲ್ ಕ್ರೈಸ್ತರೋ ಎಂದು ಕೇಳಿಬಿಟ್ಟರು. ನಾನು ಮದರಾಸಿನ ಪುರಸವಾಕ್ಕದವನು ಎಂದೆ. ಅವರು ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ.

ಇದು ಅರವತ್ತನೇ ಇಸವಿಯ ಸುಮಾರಿನ ಮಾತು. ನಾನು ಮದರಾಸಿನ ಬಂದರಿನ ಬಳಿ ಒಂದು ಹಡಗು ಕಂಪನಿಯಲ್ಲಿ ಗುಮಾಸ್ತನಾಗಿದ್ದೆ. ಊರಿನಲ್ಲಿ ಕನ್ನಡದ ಕ್ರೈಸ್ತರು ಬೆರಳೆಣಿಕೆಯಷ್ಟು ಮನೆಯವರು. ನಮಗೆ ಸ್ವಂತ ದೇವಾಲಯವಿರಲಿಲ್ಲ. ತಮಿಳು ಸಭೆಯವರು ಬೆಳಗಿನ ಆರಾಧನೆ ಮುಗಿಸಿ ಮನೆಗೆ ಹೋಗಿ ಉಂಡು ಮಲಗಿದ ಮೇಲೆ, ಮಧ್ಯಾಹ್ನದ ಹೊತ್ತು ಅದೇ ದೇವಾಲಯ ನಮ್ಮದಾಗುತ್ತಿತ್ತು. ಸಮುದ್ರದ ಗಾಳಿ ಆಗಷ್ಟೇ ಏಳುವ ಹೊತ್ತು. ಎತ್ತರದ ಕಿಟಕಿಗಳಿಂದ ಬಿಸಿಲು ನೆಲದ ಮೇಲೆ ಇಳಿದು ಮೆಲ್ಲಗೆ ಬೆಂಚಿನಿಂದ ಬೆಂಚಿಗೆ ಸರಿಯುವುದನ್ನು ನೋಡುತ್ತ ಕುಳಿತರೆ ಪಾದ್ರಿಗಳ ಪ್ರಸಂಗ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂಬುದೇ ನನಗೆ ತಿಳಿಯುತ್ತಿರಲಿಲ್ಲ. ದೂರದಲ್ಲಿ ಹಡಗು ಕೂಗಿದರೆ ನೋಹನ ನಾವೆ ಹೊರಟಿತೆಂದೇ ಅನ್ನಿಸುತ್ತಿತ್ತು. ನನ್ನ ಭಕ್ತಿ ಆ ಬಗೆಯದು. ಅದನ್ನು ಯಾವ ಪಂಗಡಕ್ಕೆ ಸೇರಿಸಬೇಕೋ ನಾನರಿಯೆ.

ಹೊಸದಾಗಿ ಬಂದ ಜಯಶೀಲ ಅಯ್ಯನವರಿಗೆ ಮಾತ್ರ ಎಲ್ಲವೂ ಸ್ಪಷ್ಟವಾಗಿತ್ತು. ಅವರು ತರುಣರು, ಆಗಷ್ಟೇ ದೇವಶಾಸ್ತ್ರ ಓದಿ ಬಂದವರು. ನಮ್ಮ ಆರಾಧನೆ ನೂರು ವರ್ಷದ ಹಿಂದೆ ಬಂದ ಜರ್ಮನ್ ಪಾದ್ರಿಗಳ ಅಂಗಿಯನ್ನೇ ಇನ್ನೂ ತೊಟ್ಟುಕೊಂಡಿದೆ, ಈ ಸಲದ ಕೊಯ್ಲಿನ ಹಬ್ಬಕ್ಕೆ ಬೆಂಚುಗಳನ್ನು ಹಿಂದಕ್ಕೆ ಸರಿಸಿ ಚಾಪೆ ಹಾಸೋಣ, ಕುತ್ತುವಿಳಕ್ಕು ಎಂಬ ಕಾಲುದೀಪ ಹಚ್ಚೋಣ, ಹಾರ್ಮೋನಿಯಂ ಬದಲು ತಂಬೂರಿ ಇಟ್ಟುಕೊಂಡು ಕೀರ್ತನೆ ಹಾಡೋಣ ಎಂದರು. ಇದು ಉದಾರ ದೃಷ್ಟಿಯಂತೆ. ಸಭಾಹಿರಿಯರಾದ ಅಮೃತರಾಯರು ಅದನ್ನು ಕೇಳಿ ಬೆವರು ಒರೆಸಿಕೊಂಡರು. ಇವತ್ತು ದೀಪ, ನಾಳೆ ಆರತಿ, ನಾಡಿದ್ದು ಚರುಪು ಪ್ರಸಾದ ಎಂಬುದು ಅವರ ಭಯ. ಇದು ಸಂಪ್ರದಾಯದ ದೃಷ್ಟಿ. ನನಗೆ ಅರ್ಥವಾಗದಿದ್ದುದು ಒಂದೇ. ಜರ್ಮನಿಯಿಂದ ಬಂದ ರಾಗ ಹಿಡಿದವರು ಸಂಪ್ರದಾಯಸ್ಥರಾದದ್ದು ಹೇಗೆ, ಅದಕ್ಕೂ ಎಷ್ಟೋ ಮೊದಲಿನಿಂದ ಇಲ್ಲಿದ್ದ ರಾಗ ಹಿಡಿದವರು ಹೊಸಬರಾದದ್ದು ಹೇಗೆ? ಅಮೃತರಾಯರನ್ನು ಕೇಳಿದೆ. ಬಹಳ ಓದಬಾರದು ಎಂದು ಬುದ್ಧಿ ಹೇಳಿದರು.

ಊರಿನಲ್ಲಿ ಪಂಗಡಗಳಾದರೆ ಮನುಷ್ಯ ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದು. ನನಗೆ ಆ ದಾರಿಯೂ ಇರಲಿಲ್ಲ, ಏಕೆಂದರೆ ಎರಡು ಪಂಗಡಗಳೂ ನನ್ನ ಅಡುಗೆಮನೆಯಲ್ಲೇ ಇದ್ದವು. ನನ್ನ ಹೆಂಡತಿ ಸುಗುಣ ಮೈಸೂರಿನ ಕಡೆಯವಳು, ಒಳ್ಳೆಯ ಕಂಠದವಳು. ಪಕ್ಕದ ಮನೆಯ ರಂಗನಾಯಕಿ ಮಾಮಿಯ ಬಳಿ ಸಂಗೀತ ಕಲಿತಿದ್ದಳು. ಹಬ್ಬದ ದಿನ ಕೀರ್ತನೆ ಹಾಡಲು ಅಯ್ಯನವರು ಅವಳನ್ನೇ ಕೇಳಿಕೊಂಡಿದ್ದರು. ಇನ್ನೊಬ್ಬರು ಮಾರ್ತ ದೊಡ್ಡಮ್ಮ. ತಾಯಿಯಿಲ್ಲದ ನನ್ನನ್ನು ಮೂಲ್ಕಿಯಲ್ಲಿ ಸಾಕಿ ಬೆಳೆಸಿ, ಈಗ ನಮ್ಮೊಡನೆ ಇದ್ದವರು. ಮೀನಿನ ಸಾರಿಗೆ ಮಸಾಲೆ ಅರೆಯುವಾಗಲೂ ಅವರು ಹಾಡುವುದು ಹಳೆಯ ಗೀತೆಗಳನ್ನೇ. ರುಬ್ಬುಗುಂಡು ಕೂಡ ಆ ಜರ್ಮನ್ ರಾಗಕ್ಕೆ ಸರಿಯಾಗಿ ತಿರುಗುತ್ತಿತ್ತು.

ಸುಗುಣ ಹಾಡುತ್ತಾಳೆಂಬ ಸುದ್ದಿ ಕಿವಿಗೆ ಬಿದ್ದ ದಿನ ದೊಡ್ಡಮ್ಮ ಜಗಳವಾಡಲಿಲ್ಲ. ಅಟ್ಟದ ಮೇಲಿದ್ದ ತಮ್ಮ ಟ್ರಂಕನ್ನು ಇಳಿಸಿಕೊಡು ಎಂದರು, ಮಂಗಳೂರಿಗೆ ಟಿಕೆಟ್ ಮಾಡಿಸು ಎಂದರು. ತಮಗೆ ಯಾರ ಮೇಲೂ ಕೋಪವಿಲ್ಲ, ತಮ್ಮ ಗೀತೆಗಳು ಬೇಡವಾದ ಕಡೆ ತಾವೂ ಬೇಡವೆಂದು ತಿಳಿಯುವಷ್ಟು ಬುದ್ಧಿ ಇದೆ ಎಂದರು. ನಾನು ಟ್ರಂಕು ಇಳಿಸಿದೆ. ಅದು ನಡುಮನೆಯಲ್ಲಿ ಕುಳಿತುಕೊಂಡಿತು. ಎಲ್ಲರೂ ಅದನ್ನು ಸುತ್ತಿಕೊಂಡು ಓಡಾಡಬೇಕಾಯಿತು. ಟಿಕೆಟ್ಟಿನ ಮಾತು ಬಂದಾಗಲೆಲ್ಲ ಸೆಂಟ್ರಲ್ ಸ್ಟೇಷನ್ನಿನಲ್ಲಿ ಸಾಲು ಬಹಳ ಉದ್ದವಿತ್ತೆಂದೆ. ಉದ್ದವಿದ್ದದ್ದು ನಿಜ. ನಾನು ಅದರಲ್ಲಿ ನಿಲ್ಲದೆ ಗಾಲಿಬಂಡಿಯವನ ಕಡಲೆ ತಿನ್ನುತ್ತ, ರೈಲುಗಳು ಹೋಗುವುದನ್ನೂ ಬರುವುದನ್ನೂ ನೋಡುತ್ತ, ದೊಡ್ಡಮ್ಮನಿಲ್ಲದ ಮನೆಯನ್ನು ಕಲ್ಪಿಸಿಕೊಳ್ಳಲು ಪ್ರಯತ್ನಿಸಿ ಸೋತು ಮನೆಗೆ ಬರುತ್ತಿದ್ದೆ.

ಒಂದು ಸಂಜೆ ಧೈರ್ಯ ಮಾಡಿ, ಅದು ಪರದೇಶದ ರಾಗವಲ್ಲವೇ ದೊಡ್ಡಮ್ಮ, ಹೋದರೆ ಹೋಗಲಿ ಬಿಡಿ ಎಂದೆ. ಅವರು ಅಕ್ಕಿ ಆರಿಸುತ್ತಿದ್ದರು. ಮೊರದಿಂದ ಕಣ್ಣೆತ್ತದೆ ಹೇಳಿದರು.

“ಅದು ಜರ್ಮನಿಯದ್ದು ಅಂತ ನನಗೆ ಗೊತ್ತೇ ಇರ್ಲಿಲ್ಲ ಮಗಾ. ಅಮ್ಮ ಭತ್ತ ಕುಟ್ಟುವಾಗ ಹಾಡ್ತಿದ್ದರು. ನಿನ್ನ ಅಮ್ಮನನ್ನು ಮಣ್ಣು ಮಾಡಿದ ದಿವಸ ಅದನ್ನೇ ಹಾಡಿದ್ದು. ನಾನು ನಮ್ಮ ಮನೆಯದ್ದೇ ಅಂತ ಎಣಿಸಿದ್ದು.”

ಹಿತ್ತಲಿಗೆ ಹೋದರೆ ಅಲ್ಲಿ ಸುಗುಣ ಒಣಗಿದ ಬಟ್ಟೆ ಎತ್ತುತ್ತಿದ್ದಳು. ಹಾಡುವುದನ್ನು ಬಿಟ್ಟುಬಿಡುತ್ತೀಯಾ ಎಂದು ಕೇಳುವ ಮೊದಲೇ ಅವಳು, ದೊಡ್ಡಮ್ಮ ನಿಜವಾಗಿ ಹೊರಡುವುದಾದರೆ ತಾನು ಹಾಡುವುದಿಲ್ಲ ಎಂದಳು. ಸ್ವಲ್ಪ ಹೊತ್ತು ಬಟ್ಟೆ ಮಡಿಸಿ ಮತ್ತೆ ಹೇಳಿದಳು. “ಆ ಗೀತೆ ಹಾಡುವಾಗ ನನಗೆ ಸ್ಕೂಲಿನ ಯೂನಿಫಾರಂ ಹಾಕ್ಕೊಂಡು ದೇವರ ಮುಂದೆ ನಿಂತ ಹಾಗಿರುತ್ತೆ ರೀ. ಕೀರ್ತನೆ ಹಾಡುವಾಗ ಮನೇಲಿ ಉಡೋ ಸೀರೇಲಿ ನಿಂತ ಹಾಗೆ. ಅಷ್ಟೇ.”

ಅವಳ ಮಾತೂ ನಿಜವೆನ್ನಿಸಿತು. ಇದೇ ನನ್ನ ಕಷ್ಟ. ಯಾರ ಮಾತು ಕೇಳಿದರೂ ಅದು ನಿಜವೆನ್ನಿಸಿಬಿಡುತ್ತದೆ.

ಕೊನೆಗೆ ರಂಗನಾಯಕಿ ಮಾಮಿಯ ಮುಂದೆ ಹೇಳಿಕೊಂಡೆ. ಅವರದು ಎಷ್ಟೋ ತಲೆಮಾರಿನಿಂದ ಮದರಾಸಿನಲ್ಲೇ ಇದ್ದ ಕನ್ನಡದ ವೈಷ್ಣವ ಮನೆತನ. ಅವರ ಕನ್ನಡದಲ್ಲಿ ಅರ್ಧ ತಮಿಳು. ಅವರು ನನ್ನ ಸಂಕಟ ಕೇಳಿ ಆಶ್ಚರ್ಯಪಡಲಿಲ್ಲ. “ನಾನು ಹುಟ್ಟಿದ ಆತ್ತಲ್ಲಿ ಹಣೆಗೆ ಒಂದು ಥರ ನಾಮ, ಮದುವೆಯಾಗಿ ಬಂದ ಆತ್ತಲ್ಲಿ ಇನ್ನೊಂದು ಥರ ನಾಮ. ಇವತ್ತಿಗೂ ನಮ್ಮ ಯಜಮಾನರು ಒಂದು ಸೊಲ್ಲಿದರೆ ನಾನು ಇನ್ನೊಂದು. ಆನಾ ಪೊಂಗಲ್ ಮಾತ್ರ ಒಂದೇ ಪಾತ್ರೇಲಿ ಬೇಯತ್ತೆ, ತೆರಿಯುಮಾ?” ಎಂದರು. ಹಾಗೆಂದು ತಮ್ಮ ತಂಬೂರಿಯನ್ನೂ ಎರಡು ಕೋರೆಹುಲ್ಲಿನ ಚಾಪೆಗಳನ್ನೂ ಎರವಲು ಕೊಟ್ಟರು. ನಾನು ಅವರಿಂದ ತೀರ್ಪು ಬಯಸಿ ಹೋಗಿದ್ದೆ, ಚಾಪೆ ಹೊತ್ತುಕೊಂಡು ಬಂದೆ.

ಕೊಯ್ಲಿನ ಹಬ್ಬ ಬಂತು. ನಮ್ಮ ಸಭೆಯಲ್ಲಿ ಯಾರಿಗೂ ಹೊಲವಿರಲಿಲ್ಲ. ಕೊತ್ತವಾಲ್ ಚಾವಡಿಯ ಮಾರುಕಟ್ಟೆಯಲ್ಲಿ ಕೊಂಡ ಕುಂಬಳಕಾಯಿ, ಬಾಳೆಗೊನೆಗಳನ್ನೇ ನಮ್ಮ ಬೆಳೆ ಎಂದು ದೇವರ ಮುಂದಿಡುತ್ತಿದ್ದೆವು. ಟಿಕೆಟ್ಟು ಇನ್ನೂ ಆಗದೆ ದೊಡ್ಡಮ್ಮ ಮನೆಯಲ್ಲೇ ಇದ್ದುದರಿಂದ, ಅಂದು ಮಧ್ಯಾಹ್ನ ಸುಗುಣ ತಂಬೂರಿ ತಬ್ಬಿಕೊಂಡು ರಿಕ್ಷಾದಲ್ಲಿ ಹೊರಟಳು. ಹೋಗುವಾಗ ದೊಡ್ಡಮ್ಮನ ಕಡೆ ನೋಡಿದಳು, ಅವರು ಗೋಡೆಯ ಕಡೆ ನೋಡಿದರು. ನಾನು ಬಹಳ ಯೋಚಿಸಿ, ದೊಡ್ಡಮ್ಮ ಒಬ್ಬರೇ ಆಗುತ್ತಾರೆ, ನಾನು ಮನೆಯಲ್ಲಿ ಇರುತ್ತೇನೆ ಎಂದು ಘೋಷಿಸಿದೆ. ಇದು ಎರಡು ಕಡೆಗೂ ಹಿತವಾಗುವ ಮಧ್ಯಮ ಮಾರ್ಗವೆಂದು ನನಗೆ ಖಾತ್ರಿಯಿತ್ತು.

ರಿಕ್ಷಾದ ಗಂಟೆ ಬೀದಿಯ ತಿರುವಿನಲ್ಲಿ ಅಡಗಿತು. ಟ್ರಂಕಿನ ಮೇಲೆ ಕೂತಿದ್ದ ದೊಡ್ಡಮ್ಮ ಗೋಡೆಯಿಂದ ನನ್ನ ಕಡೆ ತಿರುಗಿದರು. “ನೀನು ಇಲ್ಲಿ ಎಂತ ಮಾಡ್ತಿದ್ದಿ?” ಎಂದು ಕೇಳಿದರು. ನಿಮ್ಮ ಜೊತೆಗೆ ಇದ್ದೇನೆ ಎಂದೆ.

“ಅಷ್ಟು ಜನರ ಎದುರು ಆ ಹುಡುಗಿ ಒಬ್ಬಳೇ ಕೂತು ಹಾಡ್ಬೇಕು. ಗಂಡ ಅಲ್ಲಿ ಇರುವುದು ಬೇಡವಾ? ನನಗೆ ಆ ರಾಗ ಬೇಡ ಅಂತ ನಾನು ಹೇಳಿದ್ದು. ಅವಳು ಬೇಡ ಅಂತ ಯಾವಾಗ ಹೇಳಿದ್ದು?”

ಅಷ್ಟು ಹೇಳಿ ಎದ್ದು, ಆ ಟ್ರಂಕನ್ನೇ ತೆರೆದು ತಮ್ಮ ಬಿಳಿ ಸೀರೆ ತೆಗೆದರು. ಉಟ್ಟುಕೊಂಡು ನನಗಿಂತ ಮುಂಚೆ ಬೀದಿಗಿಳಿದರು.

ನಾವು ಒಳಗೆ ಕಾಲಿಟ್ಟಾಗ ದೀಪ ಉರಿಯುತ್ತಿತ್ತು. ಅಯ್ಯನವರೂ ತರುಣರೂ ಮುಂದೆ ಚಾಪೆಗಳ ಮೇಲೆ. ಹಿಂದೆ ಸರಿಸಿದ ಬೆಂಚುಗಳಲ್ಲಿ ಅಮೃತರಾಯರ ಕಡೆಯವರು, ಆಸ್ಪತ್ರೆಯಲ್ಲಿ ಚೀಟಿ ಹಿಡಿದು ಕಾಯುವವರಂತೆ ಬಿಗಿಯಾಗಿ. ದೊಡ್ಡಮ್ಮ ಕೊನೆಯ ಬೆಂಚಿನಲ್ಲಿ ಕೂತರು. ಹೆಂಡತಿಗೆ ಕಾಣಿಸಬೇಕೆಂದು ನಾನು ಮುಂದೆ ಹೋಗಿ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿದೆ. ಸುಗುಣ ಕಣ್ಣು ಮುಚ್ಚಿ ಹಾಡಿದಳು. ತಂಬೂರಿಯ ನಾದ, ಹಣ್ಣುಗಳ ವಾಸನೆ, ನೆಲದ ಮೇಲೆ ಸರಿಯುವ ಬಿಸಿಲು. ನಾನು ಎಲ್ಲಿದ್ದೇನೆ, ಯಾವ ಶತಮಾನದಲ್ಲಿದ್ದೇನೆ ಎಂಬುದೇ ಮರೆತುಹೋಯಿತು. ಕೀರ್ತನೆ ಮುಗಿದಾಗ ಅವಳು ಕಣ್ಣು ತೆರೆದು ದೂರದ ಬೆಂಚಿನ ಬಿಳಿ ಸೀರೆಯನ್ನು ಕಂಡಳು. ಯಾರೂ ಹೇಳದಿದ್ದರೂ, ತಂಬೂರಿಯನ್ನು ಕೆಳಗಿಡದೆ, ದೊಡ್ಡಮ್ಮನ ಆ ಹಳೆಯ ಗೀತೆಯನ್ನು ಎತ್ತಿಕೊಂಡಳು. ಶ್ರುತಿಯ ಜೊತೆ ರಾಗ ಸ್ವಲ್ಪ ಗುದ್ದಾಡಿತು. ಎರಡನೆಯ ಸಾಲಿಗೆ ಹಿಂದಿನಿಂದ ಒಂದು ಒಡಕು ಕಂಠ ಸೇರಿಕೊಂಡಿತು. ಆ ಗೀತೆಗೆ ಎದ್ದು ನಿಲ್ಲುವುದು ನಮ್ಮ ಸಭೆಯ ವಾಡಿಕೆ. ಬೆಂಚಿನವರು ಎದ್ದರು, ಚಾಪೆಯವರೂ ಎದ್ದರು, ಅಯ್ಯನವರು ಕೂಡ ಕ್ಷಣ ಯೋಚಿಸಿ ಎದ್ದರು.

ನಾನೊಬ್ಬ ಏಳಲಿಲ್ಲ. ಎರಡು ಕಾಲುಗಳೂ ಜೋಮು ಹಿಡಿದು, ಸೊಂಟದಿಂದ ಕೆಳಗೆ ನಾನಿದ್ದೇನೋ ಇಲ್ಲವೋ ತಿಳಿಯದಂತಾಗಿತ್ತು. ಎಲ್ಲರ ಮೊಣಕಾಲುಗಳ ನಡುವೆ, ಕುಂಬಳಕಾಯಿಯ ಪಕ್ಕದಲ್ಲಿ, ಗೀತೆ ಮುಗಿಯುವವರೆಗೂ ಕೂತೇ ಇದ್ದೆ. ನೋವಿಗೆ ಕಣ್ಣಲ್ಲಿ ನೀರೂ ಬಂತು.

ಮರಳಿ ಹೋಗುವಾಗ ರಿಕ್ಷಾದಲ್ಲಿ ಇಬ್ಬರಿಗೇ ಜಾಗ. ಅವರಿಬ್ಬರೂ ಹತ್ತಿಕೊಂಡು, ಯಾರು ಶ್ರುತಿ ತಪ್ಪಿದ್ದೆಂದು ವಾದಿಸುತ್ತ ಹೊರಟುಹೋದರು. ಟಿಕೆಟ್ಟಿನ ಸುದ್ದಿ ಆಮೇಲೆ ಯಾರೂ ಎತ್ತಲಿಲ್ಲ. ನಾನು ಕುಂಟುತ್ತ ಗೇಟಿನ ಬಳಿ ಬಂದಾಗ ಜಯಶೀಲ ಅಯ್ಯನವರು ನನ್ನ ಕೈ ಹಿಡಿದು, ಪರದೇಶದ ಗೀತೆಗೆ ಸಭೆಯೆಲ್ಲ ಎದ್ದು ನಿಂತರೂ ಅಲುಗಾಡದೆ ಕೂತ ಒಬ್ಬರೇ ನಿಜವಾದ ಲಿಬರಲ್ ನೀವು ಎಂದು ಮೆಚ್ಚಿದರು. ಅವರು ಅತ್ತ ಹೋದ ಕೂಡಲೇ ಅಮೃತರಾಯರು ಹತ್ತಿರ ಬಂದು, ನಮ್ಮ ಹಿರಿಯರ ಗೀತೆ ಕೇಳಿ ಏಳಲಾರದಷ್ಟು ಗದ್ಗದಿತನಾಗಿ ಅತ್ತುಬಿಟ್ಟೆಯಲ್ಲ, ನೀನೇ ನಮ್ಮವನು ಎಂದು ಬೆನ್ನು ತಟ್ಟಿದರು. ಇಬ್ಬರಿಗೂ ನಾನು ತಲೆ ಬಾಗಿಸಿ ವಂದಿಸಿದೆ. ಮುಂದಿನ ತಿಂಗಳು ಎರಡು ಕಡೆಯವರೂ ಒಮ್ಮತದಿಂದ ನನ್ನನ್ನು ಸಭೆಯ ಕಾರ್ಯದರ್ಶಿಯಾಗಿ ಆರಿಸಿದರು. ಅಷ್ಟು ದೃಢವಾದ ಅಭಿಪ್ರಾಯಗಳುಳ್ಳ ಮನುಷ್ಯ ಮದರಾಸಿನಲ್ಲಿ ಇನ್ನೊಬ್ಬನಿಲ್ಲವೆಂದು ಆ ದಿನ ಭಾಷಣವನ್ನೂ ಮಾಡಿದರು. ನಾನು ಕಿಟಕಿಯಾಚೆ ನೋಡುತ್ತಿದ್ದುದರಿಂದ ಅದರಲ್ಲಿ ಅರ್ಧ ಮಾತ್ರ ಕಿವಿಗೆ ಬಿತ್ತು.