ಇಳಿಜಾರಿನ ಕರೆಂಟು

ಪೂರ್ತಿ ತಿಳಿದವನಿಗಿಂತ ಅರ್ಧ ತಿಳಿದವನೇ ಹೆಚ್ಚು ಪಾಠ ಮಾಡುತ್ತಾನೆ. ಕೂಡ್ಲಿಗಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿ ನಿವೃತ್ತನಾದ ನಾನೇ ಇದಕ್ಕೆ ಸಾಕ್ಷಿ. ಪಾಠ ಕೇಳುವವರು ಯಾರೂ ಇಲ್ಲದಂತಾದ ಮೇಲೆ ಮೊಬೈಲಿನಲ್ಲಿ ಕಾರ್ ರೇಸ್ ನೋಡುವ ಚಟ ಹತ್ತಿತು. ವೇಗಕ್ಕಲ್ಲ, ಬ್ಯಾಟರಿಗೆ. ಈಗಿನ ರೇಸ್ ಕಾರಿನಲ್ಲಿ ಎಂಜಿನ್ನಿನ ಜೊತೆ ಮೋಟರೂ ಇರುತ್ತದೆ. ಬಲದಲ್ಲಿ ಹೆಚ್ಚುಕಮ್ಮಿ ಅರ್ಧ ಪಾಲು ಅದರದೇ. ತಿರುವಿನಲ್ಲಿ ಬ್ರೇಕ್ ಹಾಕಿದಾಗ ದಂಡವಾಗುವ ಓಟವನ್ನು ಆ ಮೋಟರೇ ಹಿಡಿದು, ಕರೆಂಟು ಮಾಡಿ ಬ್ಯಾಟರಿಗೆ ತುಂಬುತ್ತದೆ. ನೇರ ದಾರಿ ಬಂದಾಗ ಅದನ್ನೇ ಸುರಿದು ಓಡುವುದು. ಯಾವಾಗ ತುಂಬಬೇಕು, ಯಾವಾಗ ಸುರಿಯಬೇಕು ಎನ್ನುವುದರಲ್ಲೇ ಸೋಲು ಗೆಲುವು. ಕುರ್ಚಿಯಲ್ಲಿ ಒರಗಿ ಮಂಡಕ್ಕಿ ತಿನ್ನುತ್ತಾ, "ದಡ್ಡಾ, ಈಗ್ಲೇ ಎಲ್ಲಾ ಖಾಲಿ ಮಾಡ್ಕೊಂಡ್ಯಲ್ಲೋ" ಎಂದು ಎಷ್ಟೋ ವಿಶ್ವಪ್ರಸಿದ್ಧ ಚಾಲಕರನ್ನು ಬೈದಿದ್ದೇನೆ. ಅವರು ತಿದ್ದಿಕೊಳ್ಳಲಿಲ್ಲ.

ಈ ಹುಚ್ಚಿನಲ್ಲೇ ಹಳೆಯ ಮೊಪೆಡ್ ಕೊಟ್ಟು ಬ್ಯಾಟರಿ ಸ್ಕೂಟರ್ ತಂದೆ. ಅದಕ್ಕೂ ಅದೇ ವಿದ್ಯೆ ಗೊತ್ತು: ಆಕ್ಸಿಲರೇಟರ್ ಬಿಟ್ಟರೆ, ಬ್ರೇಕ್ ಹಿಡಿದರೆ ಒಂದಿಷ್ಟು ಕರೆಂಟು ವಾಪಸ್ಸು. ಅಷ್ಟರಲ್ಲಿ ಹಗರಿಬೊಮ್ಮನಹಳ್ಳಿಯಲ್ಲಿ ಸುಮಾಳ ಕುಬಸದ ಕಾರ್ಯ ಬಂತು. ಸುಮಾ ನನ್ನ ಹೆಂಡತಿ ಗೌರಮ್ಮನ ತಂಗಿಯ ಮಗಳು, ತಾಯಿ ತೀರಿಕೊಂಡಿದ್ದಾಳೆ. ಬಸುರಿಗೆ ತವರಿನ ಹಸಿರು ಸೀರೆ, ಕುಬಸ ತೊಡಿಸಿ ಉಡಿ ತುಂಬಬೇಕಾದವಳು ಈಗ ಗೌರಮ್ಮನೇ. ಕುಬಸವನ್ನು ತಾನೇ ಕೂತು ಹೊಲಿದಿದ್ದಳು, ನಡುನಡುವೆ ತಂಗಿಯನ್ನು ನೆನೆದು ಅತ್ತಿದ್ದಳು. ಹನ್ನೆರಡರೊಳಗೆ ಉಡಿ ತುಂಬಬೇಕೆಂದು ಬೀಗರು ಹೇಳಿಕಳಿಸಿದ್ದರು.

"ಬಸ್ಸಿಗೇ ಹೋಗಾಣ ನಡೀರಿ. ಹೊತ್ತಿಗೆ ಮುಟ್ಟದಿದ್ರ ಆ ಹುಡುಗಿ ತವರಿಲ್ಲದಾಕಿ ಆಗ್ತಾಳ" ಎಂದಳು.

"ಲೆಕ್ಕ ಹಾಕೀನಿ. ಏರಿನಾಗ ಹೋಗಿದ್ದು ಇಳಿಜಾರಿನಾಗ ವಾಪಸ್ ಬರ್ತೈತಿ" ಎಂದೆ.

ಕೊಟ್ಟೂರು ದಾಟುವಾಗಲೇ ಮುಕ್ಕಾಲು ಪಾಲು ಚಾರ್ಜು ಹೋಗಿತ್ತು, ವಾಪಸ್ ಏನೂ ಬಂದಿರಲಿಲ್ಲ. ಎದುರುಗಾಳಿಯನ್ನು ಬೈದೆ, ರಸ್ತೆಯನ್ನು ಬೈದೆ, ಮನಸ್ಸಿನಲ್ಲೇ ಗೌರಮ್ಮನ ತೂಕವನ್ನೂ ಬೈದೆ. ಮುಂದೆ ಒಂದು ಹಳ್ಳಿಯ ಹತ್ತಿರ ಸ್ಕೂಟರ್ ನಿಂತೇಬಿಟ್ಟಿತು. ಗಂಟೆ ಹನ್ನೊಂದಾಗಿತ್ತು. ಗೌರಮ್ಮ ಇಳಿದು, ಸೀರೆ ಕುಬಸದ ಚೀಲವನ್ನು ಎದೆಗವಚಿಕೊಂಡಳು.

"ಒಂದ್ ಮಾತು ಕೇಳ್ತೀನ್ರಿ. ಇಳಿಜಾರು ಬಂದಾಗೆಲ್ಲ ಕೀಲಿ ತಿರುವಿ ಯಾಕ ಬಂದ್ ಮಾಡ್ತಿದ್ರಿ?"

"ಉಳೀಲಿ ಅಂತ..." ಎಂದು ಕೀಲಿಯ ಮೇಲಿದ್ದ ನನ್ನ ಕೈಯನ್ನೇ ನೋಡಿದೆ.

ನಮ್ಮ ಕಡೆ ಇಳಿಜಾರಿನಲ್ಲಿ ಗಾಡಿ ಬಂದ್ ಮಾಡದವನನ್ನು ದುಂದುಗಾರ ಎನ್ನುತ್ತಾರೆ. ಮೊಪೆಡ್ಡಿನ ಮೇಲೆ ಅಷ್ಟು ವರ್ಷ ಪೆಟ್ರೋಲ್ ಉಳಿಸಿದ ಕೈ, ನನ್ನನ್ನು ಕೇಳದೆ, ದಾರಿಯುದ್ದಕ್ಕೂ ಅದೇ ಕೆಲಸ ಮಾಡಿತ್ತು.

"ಮಲಗಿಸಿಬಿಟ್ರ ಮೋಟರ್ ಕರೆಂಟು ಮಾಡೋದು ಹೆಂಗ್ರಿ?" ಎಂದಳು. ನನ್ನ ಪಾಠವನ್ನು ಇವಳು ಕಿವಿಗೇ ಹಾಕಿಕೊಳ್ಳುವುದಿಲ್ಲ ಎಂದುಕೊಂಡಿದ್ದೆ. ನಾಚಿಕೆಯಾಯಿತು. ಸುಮಾ ಬಾಗಿಲ ಕಡೆ ನೋಡುತ್ತಾ ಕೂತಿರಬಹುದು ಎನಿಸಿ ಬಸ್ಸು ಬರುವ ದಾರಿ ನೋಡತೊಡಗಿದೆ.

ಅರ್ಧ ತಾಸಿನ ಮೇಲೆ ದೂರದಲ್ಲಿ ಬಸ್ಸು ಕಂಡಿತು. ಗೌರಮ್ಮ ನಡುರಸ್ತೆಗೆ ಹೋಗಿ ಕೈಯೆತ್ತಿ ನಿಂತಳು. ಡ್ರೈವರು ಏನೋ ಬೈದ, ಆದರೂ ನಿಲ್ಲಿಸಿದ. ಅವಳು ತಿರುಗಿ ನೋಡದೆ ಹತ್ತಿ ಹೋದಳು. ನಾನು ಸ್ಕೂಟರ್ ತಳ್ಳಿಕೊಂಡು ಆ ಊರಿನ ಹಿಟ್ಟಿನ ಗಿರಣಿಗೆ ಹೋದೆ. "ಜ್ವಾಳ ಎಲ್ಲಿ ಯಜಮಾನ್ರ?" ಎಂದ ಗಿರಣಿಯವನು. ನನ್ನ ಕತೆ ಕೇಳಿ, ಪಾಪ, ಚಾರ್ಜಿಗೆ ಹಾಕಿಕೊಂಡ.

ನಾನು ಮುಟ್ಟುವ ಹೊತ್ತಿಗೆ ಊಟದ ಎಲೆ ಎತ್ತಿಯಾಗಿತ್ತು. ಹಸಿರು ಕುಬಸ ತೊಟ್ಟ ಸುಮಾ ಎದ್ದು ಬಂದಳು. "ದೊಡ್ಡಪ್ಪ, ಹನ್ನೆರಡು ಹೊಡಿಯೋದ್ರೊಳಗ ದೊಡ್ಡವ್ವ ಬಂದ್ಲು ನೋಡು. ನಮ್ಮವ್ವನೇ ಬಂದಂಗಾತು" ಎಂದಳು. ನನಗೆ ಕಣ್ಣು ತುಂಬಿತು. ಒಳಗೆ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಕೀಲಿಯ ಕತೆ ನನಗಿಂತ ಮೊದಲೇ ಊರು ಸೇರಿತ್ತು.

ಸಂಜೆಯವರೆಗೆ ಬೀಗರ ಮನೆಯಲ್ಲೂ ಸ್ಕೂಟರನ್ನು ಚಾರ್ಜಿಗೆ ಹಾಕಿದ್ದೆ. ಹೊರಡುವಾಗ, "ನೀ ಬಸ್ಸಿಗೇ ಬಾ" ಎಂದೆ.

"ನಿಮ್ಮನ್ನ ಒಬ್ರನ್ನ ಬಿಟ್ರ ಮತ್ತ ಗಿರಣಿಗೇ ಹೋಗ್ತೀರಿ" ಎಂದು ಹಿಂದೆ ಕೂತಳು.

ಮೊದಲ ಇಳಿಜಾರಿನಲ್ಲೇ ಕೈ ತಾನಾಗಿ ಕೀಲಿಯ ಕಡೆ ಹೊರಟಿತು. ಗೌರಮ್ಮ ಸೊಂಟಕ್ಕೆ ಬಲವಾಗಿ ಚಿವುಟಿದಳು. ಕೈ ವಾಪಸ್ ಬಂತು, ಇಳಿಜಾರಿನ ಕೊನೆಗೆ ಚಾರ್ಜು ಒಂದಂಕಿ ಮೇಲೇರಿತು. ಶಕ್ತಿ ನಾಶವಾಗುವುದಿಲ್ಲ, ರೂಪ ಬದಲಿಸುತ್ತದೆ ಎಂದು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೆನೋ. ಕಣ್ಣಾರೆ ಕಂಡದ್ದು ಅವತ್ತೇ. ಕೂಡ್ಲಿಗಿ ಮುಟ್ಟಿದಾಗ ಬ್ಯಾಟರಿಯಲ್ಲಿ ಚಾರ್ಜು ಉಳಿದಿತ್ತು. ನನ್ನ ಸೊಂಟದಲ್ಲಿ ಮಾತ್ರ ಚಿವುಟಲು ಜಾಗ ಉಳಿದಿರಲಿಲ್ಲ.