ಒಂದು ಟಾರ್ಪಾಲು ಕಡಿಮೆ

ಮೂರು ಮಣ್ಣುಗುಡ್ಡೆಗೆ ಎರಡೇ ಟಾರ್ಪಾಲು. ಸೂಪರ್‌ವೈಸರನ ಆ ದಿನದ ಪಾಡೆಲ್ಲ ಹುಟ್ಟಿದ್ದು ಈ ಸಣ್ಣ ಲೆಕ್ಕದಿಂದ.

ಬೇರೆ ದಿನವಾಗಿದ್ದರೆ ಮೂರನೆಯ ಗುಡ್ಡೆ ಬೆತ್ತಲೆಯಾಗಿ ಕೂತಿದ್ದರೂ ಯಾರೂ ಕೇಳುತ್ತಿರಲಿಲ್ಲ. ಆದರೆ ಬೆಳಿಗ್ಗೆ ಬ್ರಷ್ಷು ಬಾಯಲ್ಲಿರುವಾಗಲೇ ಕಂಟ್ರಾಕ್ಟರ್ ಫೋನು ಮಾಡಿದ್ದ.

"ಯಾರೋ ಕಂಪ್ಲೇಂಟ್ ಕೊಟ್ಟಿದಾರಂತೆ ಕಣಯ್ಯಾ, ಮಣ್ಣು ಬೀದಿಗೆ ಬರ್ತಿದೆ ಅಂತ. ಇವತ್ತು ಮುನ್ಸಿಪಾಲ್ಟಿ ಇಂಜಿನಿಯರ್ ಮೇಡಂ ಬರ್ತಾರೆ. ಇನ್ನೊಂದು ನೋಟೀಸ್ ಬಂದ್ರೆ ಕೆಲಸ ನಿಲ್ಲುತ್ತೆ. ಕೆಲಸ ನಿಂತ್ರೆ ನಾನು ಸುಮ್ನೆ ನಿಲ್ಲಲ್ಲ."

ಸೂಪರ್‌ವೈಸರ್ ಬಾಯಿ ತುಂಬ ನೊರೆ ಇಟ್ಟುಕೊಂಡು ಏನೋ ಅಂದ.

"ಏನು?"

ಉಗಿದು, "ನಾನು ನೋಡ್ಕೋತೀನಿ ಸಾರ್" ಎಂದ.

"ನೋಡೋಕೆ ಮೇಡಂ ಬರ್ತಾರೆ. ನೀನು ತಡೆದರೆ ಸಾಕು. ಕೆಂಪು ನೀರು ಒಂದು ಹನಿ ಗೇಟು ದಾಟಿತೋ, ಅದರ ಹಿಂದೇನೇ ನೀನೂ ದಾಟು."

ಸೈಟು ಇದ್ದದ್ದು ಏರುಬೀದಿಯ ನಡುಮಧ್ಯದಲ್ಲಿ. ಹುಲ್ಲು, ಗಿಡ ಎಲ್ಲ ಕೆತ್ತಿಹಾಕಿ ಪಾಯ ತೋಡಿದ ಮೇಲೆ ಆ ಇಳಿಜಾರು ಹೊಸದಾಗಿ ಬೋಳಿಸಿದ ತಲೆಯಂತಾಗಿತ್ತು; ಮೇಲೆ ಬಿದ್ದದ್ದು ಯಾವುದೂ ನಿಲ್ಲುತ್ತಿರಲಿಲ್ಲ. ಮೊದಲ ಮಳೆಗೇ ಕೆಂಪು ನೀರು ಎದುರಿನ ಇಸ್ತ್ರಿ ಅಂಗಡಿಗೆ ನುಗ್ಗಿ, ಯಾವನೋ ಮದುಮಗನ ಬಿಳಿ ಪ್ಯಾಂಟು ಮೊಣಕಾಲಿನವರೆಗೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಮೊದಲ ನೋಟೀಸು ಬಂದದ್ದು ಆಗ. ಅಂದಿನಿಂದ ಸೂಪರ್‌ವೈಸರ್ ಆ ಮಣ್ಣನ್ನು ಕೈಗೂಸಿನಂತೆ ಕಾಯತೊಡಗಿದ್ದ. ಇಳಿಜಾರಿನ ಬುಡದಲ್ಲಿ ಗೂಟ ನೆಟ್ಟು, ಕಪ್ಪು ಬಟ್ಟೆಯ ಬೇಲಿ ಕಟ್ಟಿ, ಅಂಚನ್ನು ನೆಲದಲ್ಲಿ ಹೂತಿದ್ದ, ನೀರು ಸೋಸಿ ಹೋಗಲಿ, ಮಣ್ಣು ಒಳಗೇ ಉಳಿಯಲಿ ಎಂದು. ಲಾರಿಯ ಚಕ್ರಗಳು ಕೆಸರು ಕೊಡವಿಕೊಂಡು ಹೋಗಲೆಂದು ಗೇಟಿನಲ್ಲಿ ದಪ್ಪ ಜಲ್ಲಿ ಹಾಸಿದ್ದ. ಮೂಲೆಯಲ್ಲೊಂದು ದೊಡ್ಡ ಗುಂಡಿ. ಕೆಸರುನೀರು ಅಲ್ಲಿ ನಿಂತು, ಹೂಳು ತಳಕ್ಕೆ ಕೂತು, ಮೇಲಿನ ತಿಳಿ ಮಾತ್ರ ಮೋರಿಗೆ ಹೋಗುತ್ತಿತ್ತು. ಆ ಹೂಳೋ, ಬೆಣ್ಣೆಯಂಥ ಮಣ್ಣು. ಹೋದ ವಾರ ಗುಂಡಿ ಬಳಿಸಿದಾಗ ಎಸೆಯಲು ಮನಸ್ಸಾಗದೆ ಹೆಂಡತಿಯ ಗುಲಾಬಿ ಗಿಡಗಳಿಗೆಂದು ಮನೆಗೆ ಕಳಿಸಿದ್ದ. ಆಕೆ ಕೇಳಿದ್ದು ಎರಡು ಬುಟ್ಟಿ. ಇವನು ಕಳಿಸಿದ್ದು ಒಂದು ಟ್ರ್ಯಾಕ್ಟರ್. ಪ್ರೀತಿಗೆ ಅಳತೆ ಎಲ್ಲಿದೆ?

ಅಂತೂ ಎಲ್ಲ ಸರಿಯಿತ್ತು, ಆ ಮೂರನೆಯ ಗುಡ್ಡೆಯೊಂದು ಬಿಟ್ಟು. ಆಕಾಶ ಆಗಲೇ ಮುಖ ಊದಿಸಿಕೊಂಡಿತ್ತು. ಹೊಸ ಟಾರ್ಪಾಲು ಕೊಳ್ಳೋಣವೆಂದರೆ ಅದರ ಅಂಗಡಿ ತೆರೆಯುವ ಹೊತ್ತಲ್ಲ. ಸೂಪರ್‌ವೈಸರ್ ಏದುಸಿರು ಬಿಡುತ್ತ ಬೀದಿ ಹತ್ತಿ, ತುದಿಯ ತಿರುವಿನಾಚೆ ಇದ್ದ ತನ್ನ ಮನೆಗೆ ಓಡಿದ. ಗೇಟಿನ ಬಳಿಯಿದ್ದ ನೀಲಿ ಟಾರ್ಪಾಲಿನ ಹಗ್ಗ ಬಿಚ್ಚತೊಡಗಿದ.

"ಅದನ್ನ ಯಾಕ್ರೀ ಬಿಚ್ತಿದೀರಿ?" ಹೆಂಡತಿ ಹೊರಗೆ ಬಂದಳು.

"ಸೈಟಿಗೆ ಬೇಕು. ನನ್ನ ಕೆಲಸದ ಪ್ರಶ್ನೆ."

"ಮೋಡ ನೋಡಿದ್ರಾ?"

"ನೋಡೇ ಓಡಿ ಬಂದಿದ್ದು."

"ಅಲ್ಲಾರೀ, ಒಂದು ಮಾತು. ನಾನು ನಿನ್ನೆ..."

"ಸಂಜೆ ಹೇಳೇ. ಇವತ್ತು ನನ್ನ ತಲೆಯಲ್ಲಿ ಜಾಗ ಇಲ್ಲ."

"ಯಾವತ್ತು ಇತ್ತು?" ಎಂದು ಆಕೆ ಕೇಳುವಷ್ಟರಲ್ಲಿ ಅವನು ಟಾರ್ಪಾಲು ಹೊತ್ತು ತಿರುವು ದಾಟಿದ್ದ.

ಬಂದು ನೋಡುತ್ತಾನೆ, ಗೇಟಿನಲ್ಲಿ ಜಲ್ಲಿಯೇ ಇಲ್ಲ. ನೆಲ ಕನ್ನಡಿಯಂತೆ ಹೊಳೆಯುತ್ತಿದೆ. ಪಕ್ಕದಲ್ಲಿ ಕಾವಲುಗಾರ ಪೊರಕೆ ಹಿಡಿದು, ಬಹುಮಾನ ಕಾಯುವವನಂತೆ ನಿಂತಿದ್ದಾನೆ.

"ಜಲ್ಲಿ ಎಲ್ಲೋ?"

"ಗುಡಿಸಿ ಮೂಲೆಗೆ ಹಾಕಿದೆ ಸಾರ್. ಮೇಡಂ ಬರ್ತಾರೆ ಅಂದ್ರಲ್ಲ. ಎತ್ತರದ ಚಪ್ಪಲಿ ಹಾಕಿರ್ತಾರೆ, ಎಡವಿ ಬಿದ್ರೆ ಯಾರು ಜವಾಬ್ದಾರಿ?"

"ಆ ಜಲ್ಲಿ ನೋಡೋಕೇ ಕಣೋ ಅವರು ಬರ್ತಿರೋದು."

"ಜಲ್ಲಿ ನೋಡೋಕೆ ಯಾರಾದ್ರೂ ಬರ್ತಾರಾ ಸಾರ್?" ಎಂದು ಕಾವಲುಗಾರ ನಕ್ಕ. ಆಮೇಲೆ ಇಬ್ಬರೂ ಮೂರನೆಯ ಗುಡ್ಡೆಗೆ ನೀಲಿ ಟಾರ್ಪಾಲು ಹೊದಿಸಿ, ಬಾಣಲಿ ಹಿಡಿದು, ಜಲ್ಲಿ ಅಷ್ಟನ್ನೂ ಮತ್ತೆ ಹೊತ್ತು ಹರಡಿದರು.

ಬೆನ್ನು ನೆಟ್ಟಗೆ ಮಾಡಿದಾಗ ಮೋರಿಯ ಬಾಯಿ ಕಣ್ಣಿಗೆ ಬಿತ್ತು. ಅಲ್ಲಿ ಅಡ್ಡ ಇಟ್ಟಿದ್ದ ಮರಳಿನ ಚೀಲಗಳು ನಾಪತ್ತೆ. ಎದುರಿನ ಇಸ್ತ್ರಿ ಅಂಗಡಿಯ ಮುಂದೆ, ಮುರಿದ ಬೆಂಚಿನ ಕಾಲಿನ ಜಾಗದಲ್ಲಿ ಅವು ಒಂದರ ಮೇಲೊಂದು ಆರಾಮಾಗಿ ಕೂತಿದ್ದವು.

"ಇದೇನಯ್ಯಾ ಇದು?"

"ಗಿರಾಕಿಗಳು ನಿಂತ್ಕೊಂಡೇ ಕಾಯಬೇಕಾ ಸಾರ್?" ಇಸ್ತ್ರಿಯವನು ಅಂಗಿಯಿಂದ ಕಣ್ಣೆತ್ತಲಿಲ್ಲ. "ಚೀಲ ಅಲ್ಲಿ ಸುಮ್ನೆ ಬಿದ್ದಿತ್ತು."

"ಸುಮ್ನೆ ಬಿದ್ದಿರೋದೇ ಅದರ ಕೆಲಸ. ನಿಜ ಹೇಳು, ಕಂಪ್ಲೇಂಟ್ ನಿಂದೇ ತಾನೇ?"

"ನಂದಾಗಿದ್ರೆ ನಿಮ್ಮ ಮುಖಕ್ಕೇ ಹೇಳ್ತಿದ್ದೆ. ಪ್ಯಾಂಟಿನ ದಿನ ಹೇಳಲಿಲ್ವಾ?"

ಹೇಳಿದ್ದ. ಅರ್ಧ ಬೀದಿಗೆ ಕೇಳಿಸುವ ಹಾಗೆ ಹೇಳಿದ್ದ. ಸೂಪರ್‌ವೈಸರ್ ಮಾತು ಬೆಳೆಸದೆ ಚೀಲ ಹೊತ್ತ. ಬೆಂಚು ಒಂದು ಕಡೆ ವಾಲಿತು. ಅದರ ಮೇಲೆ ಕೂತಿದ್ದ ಗಿರಾಕಿಯೂ ವಾಲಿದ.

ಇನ್ನು ಬಟ್ಟೆಯ ಬೇಲಿ. ಬುಡದಲ್ಲಿ, ಕತ್ತರಿಯಿಂದ ಅಳತೆ ಮಾಡಿ ಕತ್ತರಿಸಿದಂಥ ಒಂದು ಚೌಕ ಕಿಂಡಿ. ಕಿಂಡಿಯ ಆಚೆ ಪಕ್ಕದ ಮನೆಯ ಮೇಷ್ಟರು. ನಿವೃತ್ತರಾದ ಮೇಲೆ ಈ ಸೈಟೇ ಅವರ ತರಗತಿ.

"ಮೇಷ್ಟರೇ, ಇದನ್ನ ಯಾರು ಕತ್ತರಿಸಿದ್ದು?"

"ನಾನೇ ಕಣಪ್ಪಾ. ನಮ್ಮ ಬೆಕ್ಕು ಓಡಾಡೋಕೆ ದಾರಿ ಬೇಡ್ವೇ?"

"ಬೆಕ್ಕು ಬೇಲಿ ಹಾರುತ್ತೆ ಸಾರ್."

"ಹಾರುವ ಕಾಲ ಮುಗೀತು. ಅದೂ ನನ್ನ ಹಾಗೇ, ನಿವೃತ್ತ."

"ಮೇಡಂಗೆ ಕಂಪ್ಲೇಂಟ್ ಕೊಟ್ಟಿದ್ದು ತಾವೇನಾ?"

ಮೇಷ್ಟರು ನೊಂದುಕೊಂಡರು. "ನಾನು ಕೊಟ್ಟಿದ್ರೆ ಬರವಣಿಗೆಯಲ್ಲಿ ಕೊಟ್ಟು, ನಿನಗೂ ಒಂದು ಪ್ರತಿ ಕಳಿಸ್ತಿದ್ದೆ."

ಸೂಪರ್‌ವೈಸರ್ ಮಂಡಿಯೂರಿ, ಕಂಬಿ ಕಟ್ಟುವ ತಂತಿಯಿಂದ ಕಿಂಡಿ ಹೊಲಿದ. ಬೆಕ್ಕು ಈಚೆ ಕಡೆಯೇ ಉಳಿದುಹೋಗಿ, ಸಾಲ ಕೊಟ್ಟವರಂತೆ ಅವನನ್ನೇ ದಿಟ್ಟಿಸುತ್ತ ಕೂತಿತು.

ಕೊನೆಯ ಗಂಟು ಹಾಕುವುದಕ್ಕೂ ಮೇಡಂ ಬರುವುದಕ್ಕೂ ಸರಿಯಾಯಿತು. ಎತ್ತರದ ಚಪ್ಪಲಿಯಲ್ಲ, ಮೊಣಕಾಲುದ್ದದ ಗಮ್‌ಬೂಟು. ಜಲ್ಲಿಯ ಮೇಲೆ ಸೈನಿಕರಂತೆ ನಡೆದುಬಂದರು. ಹಿಂದೆಯೇ ಕಂಟ್ರಾಕ್ಟರನ ಕಾರು. ಹಿಂದೆಯೇ, ಇವರಿಗಾಗಿಯೇ ಕಾಯುತ್ತಿತ್ತೋ ಎಂಬಂತೆ, ಮಳೆ.

ಮಳೆಯೆಂದರೆ ಮಳೆ. ಕೊಡದಿಂದ ಸುರಿಯುವುದಲ್ಲ, ಕೊಡವನ್ನೇ ಎಸೆದ ಹಾಗೆ. ಎಲ್ಲರೂ ಇಸ್ತ್ರಿ ಅಂಗಡಿಯ ಮಾಡಿನ ಕೆಳಗೆ ಸೇರಿ, ಸೈಟಿನ ನೀರು ಹೊರಬೀಳುವ ತೂಬನ್ನೇ ನೋಡುತ್ತ ನಿಂತರು. ಇಳಿಜಾರಿನಲ್ಲಿ ಕೆಂಪು ತೊರೆಗಳು ಇಳಿದವು, ಬೇಲಿಗೆ ತಾಗಿ ನಿಂತವು, ತಿರುಗಿ ಗುಂಡಿಗೆ ಬಿದ್ದವು. ಗುಂಡಿ ತುಂಬಿತು. ಆಮೇಲೆ ತೂಬಿನಿಂದ ನೀರು ಬಂತು.

ತಿಳಿನೀರು.

"ಕುಡೀಬಹುದು ಸಾರ್ ಇದನ್ನ" ಎಂದ ಸೂಪರ್‌ವೈಸರ್.

"ಕುಡಿ ನೋಡೋಣ" ಎಂದರು ಮೇಷ್ಟರು.

ಮೇಡಂ ತಲೆದೂಗಿದರು. "ಚೆನ್ನಾಗಿ ಮಾಡಿದೀರಿ. ಬೇರೆ ಸೈಟಿನವರನ್ನ ಕರ್ಕೊಂಡು ಬಂದು ತೋರಿಸಬೇಕು."

ಕಂಟ್ರಾಕ್ಟರ್ ಸೂಪರ್‌ವೈಸರನ ಭುಜ ತಟ್ಟಿದ. ಈ ಭುಜಕ್ಕೆ ಇಂಥದೊಂದು ಏಟು ಬಿದ್ದು ವರ್ಷಗಳೇ ಆಗಿದ್ದವು. ಅವನ ಕಣ್ಣು ಇನ್ನೇನು ತೇವವಾಗಬೇಕು, ಅಷ್ಟರಲ್ಲಿ ಇಸ್ತ್ರಿಯವನು ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು ಚೀರಿದ: "ನನ್ನ ಬಟ್ಟೆ, ನನ್ನ ಬಟ್ಟೆ!"

ಬೀದಿಯ ಮೋರಿ ಕೆಂಪಾಗಿತ್ತು. ಬರೀ ಕೆಂಪಲ್ಲ, ಗಟ್ಟಿ ಸಾರಿನಂತೆ ಉಕ್ಕಿ, ಅಂಗಡಿಯ ಮೆಟ್ಟಿಲು ನೆಕ್ಕುತ್ತಿತ್ತು. ಎಲ್ಲರೂ ಸೂಪರ್‌ವೈಸರನ ಕಡೆ ತಿರುಗಿದರು. ಭುಜದ ಮೇಲಿದ್ದ ಕೈ ಮೆಲ್ಲಗೆ ಕೆಳಗಿಳಿಯಿತು.

ಅವನು ಮಳೆಯಲ್ಲೇ ಓಡಿದ. ಬೇಲಿ ನೋಡಿದ, ಗಟ್ಟಿಯಾಗಿತ್ತು. ಹೊಲಿಗೆ ನೋಡಿದ, ಬಿಚ್ಚಿರಲಿಲ್ಲ. ಟಾರ್ಪಾಲುಗಳನ್ನು ಮುಟ್ಟಿ ನೋಡಿದ, ಮೂರೂ ಭದ್ರ. ನೀಲಿಯದರ ಕೆಳಗೆ ಬೆಕ್ಕು ಬೆಚ್ಚಗೆ ಮಲಗಿತ್ತು. ಹಿಂದಿರುಗಿದಾಗ ಅವನ ಮುಖ ನೋಡಿ ಮೇಷ್ಟರಿಗೇ ಕನಿಕರ ಬಂತು.

"ನೀರು ಮೇಲಿಂದ ಕೆಳಕ್ಕೆ ಹರಿಯುತ್ತೆ ಕಣಪ್ಪಾ. ಕೆಂಪು ಬರ್ತಿರೋದು ನಿನ್ನ ಸೈಟಿನಿಂದ ಅಲ್ಲ, ಅದಕ್ಕಿಂತ ಮೇಲಿಂದ."

ನೋಡಿದರೆ ಹೌದು. ಸೂಪರ್‌ವೈಸರನಿಗೆ ಹೋದ ಜೀವ ಬಂತು. ಬಂದ ಜೀವ ಸುಮ್ಮನೆ ಕೂರಲಿಲ್ಲ.

"ಹಿಡೀಬೇಕು ಮೇಡಂ ಅವನನ್ನ. ಬನ್ನಿ, ನೀರಿನ ಜಾಡು ಹಿಡಿದೇ ಹೋಗೋಣ."

ಮೆರವಣಿಗೆ ಹೊರಟಿತು. ಮುಂದೆ ಸೂಪರ್‌ವೈಸರ್, ಹಿಂದೆ ಮೇಡಂ, ಕೊಡೆ ಹಿಡಿದ ಕಂಟ್ರಾಕ್ಟರ್, ಇಂಥದನ್ನು ಬಿಡಲಾರದ ಮೇಷ್ಟರು, ಕೆಂಪಾದ ದಿಂಬಿನ ಚೀಲವೊಂದನ್ನು ಸಾಕ್ಷಿಗೆಂದು ಹಿಡಿದ ಇಸ್ತ್ರಿಯವನು.

"ಇಂಥವರಿಂದಲೇ ಮೇಡಂ ನಮ್ಮಂಥವರಿಗೆ ಕೆಟ್ಟ ಹೆಸರು" ಎಂದ ಸೂಪರ್‌ವೈಸರ್ ಏರು ಹತ್ತುತ್ತ. "ಮಣ್ಣು ತಂದು ಸುರಿಯೋದು ಗೊತ್ತು, ಮುಚ್ಚೋದು ಗೊತ್ತಿಲ್ಲ. ಒಂದು ಟಾರ್ಪಾಲು ಹಾಕೋಕೆ ಇವರಿಗೆ ಏನು ರೋಗ?"

"ಸರಿಯಾಗಿ ಹೇಳಿದ್ರಿ" ಎಂದರು ಮೇಡಂ.

"ಯಾರೇ ಆಗಿರ್ಲಿ, ಬಿಡಬೇಡಿ. ಬರೀ ನೋಟೀಸಿಗೆ ಇವರು ಬಗ್ಗಲ್ಲ. ಅಷ್ಟೂ ಮಣ್ಣು ಅವನ ಕೈಯಿಂದಲೇ ಎತ್ತಿಸಬೇಕು. ಮೋರಿ ಅವನ ಕೈಯಿಂದಲೇ ಬಳಿಸಬೇಕು. ಬೀದಿಯವರೆಲ್ಲ ನೋಡಬೇಕು."

"ಆಗಲಿ, ಹಾಗೇ ಮಾಡೋಣ."

ಬೀದಿಯ ತುದಿ ಬಂತು. ಕೆಂಪು ನೀರು ತಿರುವಿನಾಚೆಯಿಂದ ಬರುತ್ತಿತ್ತು. ಸೂಪರ್‌ವೈಸರನ ನಡಿಗೆ ಇದ್ದಕ್ಕಿದ್ದಂತೆ ನಿಧಾನವಾಯಿತು. ಬೆಳಿಗ್ಗೆ ಬಿಚ್ಚಿದ ಹಗ್ಗ ಈಗ ಅವನ ಕಾಲಿಗೇ ಸುತ್ತಿಕೊಂಡಂತಾಯಿತು.

"ಮೇಡಂ, ಮಳೆ ಜಾಸ್ತಿ ಆಯ್ತು. ತಮಗೆ ನೆಗಡಿ ಆಗುತ್ತೆ. ನಾಳೆ ಬರೋಣವೇ?"

"ನನಗೆ ಬೂಟಿದೆ. ನೀವು ನಡೀರಿ."

"ಹೋಗಲಿ, ಪಾಪ, ಯಾರೋ ಬಡವನಿರಬೇಕು..."

"ಈಗ ತಾನೇ ಬಿಡಬೇಡಿ ಅಂದೆಯಲ್ಲಪ್ಪಾ" ಎಂದರು ಮೇಷ್ಟರು, ಮೊದಲ ಸಾಲಿನ ಹುಡುಗನ ಉತ್ಸಾಹದಿಂದ ಮುಂದೆ ಹೋಗುತ್ತ.

ತಿರುವಿನಾಚೆ, ಸೂಪರ್‌ವೈಸರನ ಮನೆಯ ಗೇಟಿನ ಪಕ್ಕದಲ್ಲಿ, ಒಂದು ಟ್ರ್ಯಾಕ್ಟರಿನಷ್ಟು ಬೆಣ್ಣೆಮಣ್ಣು ಬಿಸಿನೀರಿಗೆ ಬಿದ್ದ ಬೆಲ್ಲದಂತೆ ಕರಗುತ್ತಿತ್ತು. ಗೇಟಿನಲ್ಲಿ ಹೆಂಡತಿ ಕೊಡೆ ಹಿಡಿದು ನಿಂತಿದ್ದಳು. ಗಂಡನನ್ನು ದಾಟಿ, ಅವಳ ದೃಷ್ಟಿ ಗಮ್‌ಬೂಟಿನ ಮೇಲೆ ನಿಂತಿತು.

"ಅಂತೂ ಬಂದ್ರಾ ಮೇಡಂ? ನಿನ್ನೆ ಫೋನು ಮಾಡಿದ್ದು ನಾನೇ."

"ನೀವಾ? ಏರುಬೀದಿ, ಸೂಪರ್‌ವೈಸರ್ ಮಣ್ಣು ಅಂತ ಆಫೀಸಲ್ಲಿ ಹೇಳಿದ್ರು. ನಾನು ಸೈಟಿಗೆ ಹೋಗಿದ್ದೆ."

"ಸೈಟಿನದು ನನಗ್ಯಾಕೆ ಮೇಡಂ? ಇಲ್ಲಿ ನೋಡಿ. ಎರಡು ಬುಟ್ಟಿ ಕೇಳಿದ್ರೆ ಬೆಟ್ಟ ತಂದು ಹಾಕಿದ್ರು. ಒಂದು ವಾರದಿಂದ ತೆಗೆಸಿ ತೆಗೆಸಿ ಅಂತಿದೀನಿ, ನಾಳೆ ನಾಳೆ ಅಂತಾರೆ. ಹೆಂಡ್ತಿ ಮಾತಿಗಂತೂ ಬೆಲೆ ಇಲ್ಲ, ಆಫೀಸಿನವರು ಹೇಳಿದ್ರಾದ್ರೂ ಕೇಳ್ತಾರೇನೋ ಅಂತ ಫೋನು ಮಾಡಿದೆ. ಬೆಳಿಗ್ಗೆ ಅದನ್ನೇ ಹೇಳೋಕೆ ಹೋದೆ, ಸಂಜೆ ಹೇಳು ಅಂದ್ರು. ಹೇಳಿದ್ದಷ್ಟೇ ಅಲ್ಲ, ಮುಚ್ಚಿದ್ದ ಟಾರ್ಪಾಲನ್ನೂ ಎಳ್ಕೊಂಡು ಹೋದ್ರು."

ಇಸ್ತ್ರಿಯವನು ದಿಂಬಿನ ಚೀಲವನ್ನು ಎತ್ತಿ ತೋರಿಸಿದ.

ಮೇಡಂ ನೋಟೀಸು ಬರೆದರು. "ಶಿಕ್ಷೆ ನಾನು ಯೋಚನೆ ಮಾಡೋ ಹಾಗೇ ಇಲ್ಲ. ನೀವೇ ಎಲ್ಲ ಹೇಳಿದೀರಿ. ಮಣ್ಣು ನಿಮ್ಮ ಕೈಯಿಂದ, ಮೋರಿ ನಿಮ್ಮ ಕೈಯಿಂದ."

"ಸಾರ್" ಎಂದು ಸೂಪರ್‌ವೈಸರ್ ಕಂಟ್ರಾಕ್ಟರನ ಕಡೆ ತಿರುಗಿದ. "ಈ ಮಣ್ಣನ್ನ ವಾಪಸ್ ಸೈಟಿಗೆ..."

"ನೋಟೀಸ್ ಬಿದ್ದಿರೋ ಮಣ್ಣು ನನ್ನ ಗೇಟೊಳಗೆ ಬರಕೂಡದು. ಅದು ಇಲ್ಲಿಂದ ಹೋಗೋವರೆಗೂ ನೀನೂ ಬರಕೂಡದು."

"ಮತ್ತೆ ಎಲ್ಲಿ ಹಾಕ್ಲಿ ಸಾರ್?"

"ಅದು ನಿನ್ನ ಮಣ್ಣು."

"ನನ್ನ ಟಾರ್ಪಾಲನ್ನಾದರೂ ಕೊಡಿ ಸಾರ್, ಮುಚ್ಚಿಡ್ತೀನಿ."

"ತೆಗೆದ್ರೆ ಸೈಟಿಗೆ ನೋಟೀಸ್ ಬರಲ್ವೇನಯ್ಯಾ? ಮೂರು ಗುಡ್ಡೆ, ಮೂರು ಟಾರ್ಪಾಲು. ಲೆಕ್ಕ ಈಗ ಸರಿಯಾಗಿದೆ, ಕೆಡಿಸಬೇಡ."

ಎಲ್ಲರೂ ಇಳಿದುಹೋದರು. ಮೇಷ್ಟರು ಮಾತ್ರ ಎರಡು ಸಲ ತಿರುಗಿ ನೋಡಿದರು. ಸೂಪರ್‌ವೈಸರ್ ಪ್ಯಾಂಟು ಮಡಚಿ ಗುದ್ದಲಿಗೆ ಕೈ ಹಾಕಿದ. ಮಳೆ ಮತ್ತೆ ಬಿರುಸಾಯಿತು. ತಲೆಯಿಂದ ಮೂಗಿಗೆ, ಮೂಗಿನಿಂದ ಹೂಳಿಗೆ ನೀರು ಇಳಿಯಿತು. ಹೆಂಡತಿ ಒಂದು ಗಳಿಗೆ ನೋಡಿದಳು. ಏನೆಂದರೂ ಕಟ್ಟಿಕೊಂಡವಳು, ಹತ್ತಿರ ಬಂದು ತನ್ನ ಕೊಡೆಯನ್ನು ಅವನ ಕೈಗಿಟ್ಟಳು.

ಸೂಪರ್‌ವೈಸರ್ ಕೊಡೆಯನ್ನು ತಲೆಯ ಮೇಲೆ ಎತ್ತಿ ಹಿಡಿದ.

"ನಿಮಗಲ್ಲ" ಎಂದಳು ಆಕೆ. "ಮಣ್ಣಿಗೆ ಹಿಡೀರಿ."