ಹಾರನ್ ಒತ್ತಿದರೆ ನಿಲ್ಲುವ ಗಾಡಿ

ಊರವರದನ್ನೆಲ್ಲ ಸರಿಮಾಡುವ ಕೆಲಸದಲ್ಲಿರುವವರಿಗೆ ಯಾರದೋ ಶಾಪವಿರುತ್ತದೆ ಎಂದು ನನಗೆ ಬಹಳ ದಿನಗಳಿಂದ ಗುಮಾನಿ. ನಮ್ಮ ಬೀದಿಯ ದರ್ಜಿಯ ಅಂಗಿಗೆ ಎಂದೂ ಪೂರ್ತಿ ಗುಂಡಿಗಳಿದ್ದುದನ್ನು ನಾನು ಕಂಡಿಲ್ಲ. ನನ್ನ ವಿಷಯಕ್ಕೆ ಬಂದರೆ, ನಾನು ಕೊಳ್ಳೇಗಾಲದ ಕರೆಂಟ್ ಆಫೀಸಿನಲ್ಲಿ ಇಂಜಿನಿಯರು. ಯಾರ ಮನೆಗೆ ಹೋದರೂ ಕಾಫಿ ಬರುವ ಮುಂಚೆಯೇ ಅವರ ಹಿತ್ತಲಿಗೆ ಹೋಗಿ ಅರ್ತಿಂಗ್ ಗುಂಡಿ ನೋಡುವುದು ನನ್ನ ಅಭ್ಯಾಸ. ಗುಂಡಿ ಒಣಗಿದ್ದರೆ ಮುಗಿಯಿತು. "ಕರೆಂಟು ಬರೋದು ಮುಖ್ಯ ಅಲ್ಲ ಸ್ವಾಮಿ, ಬಂದ ಕರೆಂಟಿಗೆ ಹೋಗೋ ದಾರಿ ಇರಬೇಕು" ಎಂದು ಶುರುಮಾಡಿದರೆ ಕಾಫಿ ತಣ್ಣಗಾಗುವವರೆಗೆ ಬಿಡುವವನಲ್ಲ. ನನ್ನ ಕಾಟಕ್ಕೆ ಹೆದರಿ ನನ್ನ ಹೆಂಡತಿ ಸುಮಿತ್ರ ದಿನಾ ಸಂಜೆ ತುಳಸಿಗೆ ಒಂದು ಚೊಂಬು, ಅರ್ತಿಂಗ್ ಗುಂಡಿಗೆ ಒಂದು ಬಿಂದಿಗೆ ನೀರು ಹಾಕುತ್ತಾಳೆ. ಇಂಥ ನನ್ನ ಮಾನವನ್ನು ಒಂದು ಮುದಿ ಮೋಟಾರ್ ಸೈಕಲ್ಲು ಬೀದಿಪಾಲು ಮಾಡಿದ ಕಥೆ ಇದು.

ಗಾಡಿ ನನ್ನ ಮಾವನವರದು. ಯಳಂದೂರು ತಾಲ್ಲೂಕಿನ ಹೊನ್ನೂರಿನಲ್ಲಿ ಭತ್ತ, ಕಬ್ಬು ಬೆಳೆಯುವ ಮಾವನವರು ಪ್ರಾಯದಲ್ಲಿ ಅದರ ಮೇಲೆ ಕೂತು ಬಂದರೆ ಸದ್ದಿಗೇ ಅರ್ಧ ಊರು ಎದ್ದು ನಿಲ್ಲುತ್ತಿತ್ತಂತೆ. ಉಳಿದರ್ಧ ಊರಿಗೆ ಹೊಗೆಯಲ್ಲಿ ಏನೂ ಕಾಣುತ್ತಿರಲಿಲ್ಲ. ಅವರಿಗೆ ಮಂಡಿ ನೋವು ಬಂದ ಮೇಲೆ ಅದು ಕೊಟ್ಟಿಗೆ ಸೇರಿ, ಕೋಳಿಗಳು ಸೀಟಿನ ಮೇಲೆ ಮೊಟ್ಟೆಯಿಡುತ್ತಿದ್ದವು. ಅದನ್ನು ರಿಪೇರಿ ಮಾಡಿ ಇಟ್ಟುಕೊಳ್ಳುತ್ತೇನೆಂದು ನಾನು ಕೇಳಿದೆ. ಅದೇ ಹೊತ್ತಿಗೆ ನನ್ನ ಷಡ್ಡಕ ಮಾದೇಶನೂ ಕೇಳಬೇಕೆ? ಮಾದೇಶ ಸುಮಿತ್ರಳ ತಂಗಿಯ ಗಂಡ, ಹನೂರಿನವನು, ಟ್ರ್ಯಾಕ್ಟರ್ ಇಟ್ಟಿದ್ದಾನೆ. ಗಾಡಿಯ ಇಂಜಿನ್ ಬಿಚ್ಚಿ ಕಬ್ಬಿನ ಹಾಲಿನ ಮಿಷನ್ನಿಗೆ ಜೋಡಿಸುವುದು ಅವನ ಯೋಜನೆ. ಅಂಥ ಗಾಡಿ ಹನೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಜಲ್ಲೆ ಹಿಂಡುವುದೇ?

ಮಾವನವರು ಎಲೆ ಅಡಿಕೆ ಮುಗಿಸಿ ತೀರ್ಪು ಕೊಟ್ಟರು. "ನೋಡಿ ಅಳಿದೇವ್ರೇ, ಅಳೀಮಂದ್ರು ಇಬ್ರು, ಗಾಡಿ ಒಂದು. ನೀವು ದೊಡ್ಡಳಿಯ, ಮೊದ್ಲು ನೀವು ತಕಂಡೋಗಿ. ಆಯುಧಪೂಜೆ ದಿನ ನಿಂಬೆಅಣ್ ತುಳ್ಸಿ, ಆರನ್ ಒಡ್ಕಂಡು ಬಸಪ್ಪನ ಗುಡಿ ಒಂದು ಸುತ್ತು ಬಂದ್ಬುಟ್ರೆ ಗಾಡಿ ನಿಮ್ದು. ಇಲ್ದಿದ್ರೆ ಅನೂರಿಗೆ ಓಯ್ತದೆ."

ಈ ಹಾರನ್ನಿನ ಷರತ್ತು ಮಾವನವರ ಚೇಷ್ಟೆಯೇನೂ ಅಲ್ಲ. ಅವರ ಬೀದಿಯಲ್ಲಿ ಅದೇ ಪದ್ಧತಿ. ಚಕ್ರ ನಿಂಬೆಹಣ್ಣು ತುಳಿದ ಕ್ಷಣದಿಂದ ಗುಡಿ ಸುತ್ತಿ ಬರುವವರೆಗೆ ಹಾರನ್ ಹೊಡೆಯುತ್ತಲೇ ಇರಬೇಕು. ನಡುವೆ ನಿಂತರೆ ಪೂಜೆ ಬಸಪ್ಪನಿಗೆ ಮುಟ್ಟಿಲ್ಲವೆಂದು ಲೆಕ್ಕ.

ನಾನು ಗಾಡಿಯನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ಕೊಳ್ಳೇಗಾಲಕ್ಕೆ ತಂದೆ. ಆಮೇಲಿನ ತಿಂಗಳುಗಳಲ್ಲಿ ಅದಕ್ಕೆ ಮಾಡಿದ ಉಪಚಾರವನ್ನು ಬಾಣಂತಿಗೂ ಯಾರೂ ಮಾಡಿರಲಾರರು. ಇಂಜಿನ್ನನ್ನು ಮೆಕ್ಯಾನಿಕ್ಕಿಗೆ ಬಿಟ್ಟೆ. ಬಣ್ಣ ಮತ್ತು ವೈರಿಂಗ್ ಮಾತ್ರ ನನ್ನದೇ ಕೈಯಿಂದ ಆಗಬೇಕೆಂದು ಹಟ. ಹಳೆಯ ಬಣ್ಣ ತೆಗೆಯುವಾಗ ಒಂದು ವಿಚಿತ್ರ ಕಂಡಿತು. ಟ್ಯಾಂಕಿನ ಕೆಳಗೆ, ಚಾಸಿಯ ಮೇಲೆ, ಒಂದು ಬೋಲ್ಟಿನ ಸುತ್ತ ಯಾರೋ ಬಣ್ಣವನ್ನು ಕೆರೆದು ಕಬ್ಬಿಣ ಕಾಣುವಂತೆ ಮಾಡಿದ್ದರು. ಛೇ, ಮಾವನವರಿಗೆ ವಸ್ತುವಿನ ಮೇಲೆ ಅಕ್ಕರೆಯೇ ಇಲ್ಲ ಎಂದು ಮರುಗಿ, ಆ ಗಾಯಕ್ಕೆ ಪುಟ್ಟಿ ಮೆತ್ತಿ, ಉಪ್ಪು ಕಾಗದದಲ್ಲಿ ಉಜ್ಜಿ, ಪಳಪಳ ಕಪ್ಪು ಬಣ್ಣ ಹೊಡೆದೆ. ಒಂದು ಕೈ ಅಲ್ಲ, ಸಮಾಧಾನವಾಗದೆ ಮತ್ತೊಂದು ಕೈ. ಅದರ ಫೋಟೋ ತೆಗೆದು ಮಾವನವರ ಮೊಬೈಲಿಗೆ ಕಳಿಸಿದೆ. ಅವರು ಉತ್ತರವಾಗಿ ಕೈಮುಗಿಯುವ ಚಿತ್ರವೊಂದನ್ನು ಕಳಿಸಿದರು. ಮೆಚ್ಚಿಕೊಂಡರು ಎಂದುಕೊಂಡೆ.

ಇಂಜಿನ್ ಜೋಡಿಸಿ ಕಿಕ್ಕರ್ ಒದ್ದಾಗ ಗಾಡಿ ಶುರುವಾಯಿತು. ಬೀದಿಯವರೆಲ್ಲ ಬಂದು ನೋಡಿದರು. ನಾನು ಗತ್ತಿನಿಂದ ಹಾರನ್ ಒತ್ತಿದೆ. ಗಾಡಿ ನಿಂತುಹೋಯಿತು. ಮತ್ತೆ ಒದ್ದೆ, ಶುರುವಾಯಿತು. ಹಾರನ್ ಒತ್ತಿದೆ, ಅಜ್ಜಿ ನಿದ್ದೆಯಲ್ಲಿ ನರಳಿದಂತೆ "ಕುಂಯ್" ಎಂದು ಮತ್ತೆ ನಿಂತಿತು. ಹೆಡ್‌ಲೈಟ್ ಹಾಕಿದರೂ ಅದೇ ಗತಿ. ಸುಮ್ಮನೆ ಓಡಿಸಿದರೆ ಎಷ್ಟು ದೂರವಾದರೂ ಓಡುತ್ತದೆ, ಹಾರನ್ ಮುಟ್ಟಿದರೆ ಪ್ರಾಣ ಬಿಡುತ್ತದೆ. ಎದುರುಮನೆಯ ರೇಷ್ಮೆ ವ್ಯಾಪಾರಿಗಳು, "ಒಳ್ಳೇದೇ ಆಯ್ತಲ್ಲ ಬುಡಿ ಸಾ. ಅಡ್ಡ ಬಂದೋರಿಗೆ ಆರನ್ ಕೇಳ್ನಿಲ್ಲ ಅಂದ್ರೂ ಗಾಡಿ ನಿಂತಿರ್ತದೆ, ಯಾರಿಗೂ ಏಟಾಗಕಿಲ್ಲ" ಎಂದರು.

ನನಗೆ ಪಿತ್ತ ನೆತ್ತಿಗೇರಿತು. ಹಾರನ್ ಬದಲಾಯಿಸಿದೆ. ಬ್ಯಾಟರಿ ಬದಲಾಯಿಸಿದೆ. ಸ್ವಿಚ್ಚು ಬದಲಾಯಿಸಿದೆ. ಅನುಮಾನದ ಮೇಲೆ ಹೊಸ ಬ್ಯಾಟರಿಯನ್ನೂ ಬದಲಾಯಿಸಿದೆ. ವೈರುಗಳನ್ನೆಲ್ಲ ಕಿತ್ತು ಕರುಳಿನಂತೆ ಜಗುಲಿಯ ಮೇಲೆ ಹರಡಿಕೊಂಡು, ಒಂದೊಂದಕ್ಕೂ ಟೆಸ್ಟರ್ ಹಿಡಿದೆ. ಬ್ಯಾಟರಿಯಿಂದ ಹಾರನ್ನಿನವರೆಗೆ ಕರೆಂಟು ದಿವಿನಾಗಿ ಬರುತ್ತಿತ್ತು. ಹೆಚ್ಚಿಗೆ ಏನು ಬೇಕು? ಇಡೀ ತಾಲ್ಲೂಕಿಗೆ ಕರೆಂಟು ಕೊಡುವವನಿಗೆ ಆರು ವೋಲ್ಟಿನ ಡಬ್ಬಿಯೊಂದು ಸವಾಲು ಹಾಕುತ್ತಿದೆಯಲ್ಲ ಎಂದು ನನಗೆ ಅಳುವೇ ಬಂತು. ಆಫೀಸಿನಲ್ಲಿ ಯಾರನ್ನಾದರೂ ಕೇಳೋಣವೆಂದರೆ, ಮಾರನೆಯ ದಿನ ಕಾಡಂಚಿನ ಮಾರ್ಟಳ್ಳಿಯವರೆಗೂ ಸುದ್ದಿ ಮುಟ್ಟುತ್ತದೆ.

ಒಂದು ಸಂಜೆ ನಾನು ವೈರುಗಳ ನಡುವೆ ಕೂತಿದ್ದಾಗ ಸುಮಿತ್ರ ಬಿಂದಿಗೆ ಹಿಡಿದು ಹಿತ್ತಲಿಗೆ ಹೊರಟಿದ್ದಳು. ನಿಂತು ನೋಡಿ, "ರೀ, ನಿಮ್ಮ ಗಾಡಿಗೂ ಒಂದು ಗುಂಡಿ ತೋಡಿ ನೀರು ಹಾಕ್ಲಾ?" ಎಂದಳು.

"ನಿಂಗೆ ತಿಳಿಯದ ವಿಷಯಕ್ಕೆ ತಲೆ ಹಾಕ್ಬೇಡ ಮಾರಾಯ್ತಿ" ಎಂದೆ. ಅವಳು ನಗುತ್ತ ಹೋದಳು.

ಹಬ್ಬ ಹತ್ತಿರ ಬಂದೇಬಿಟ್ಟಿತು. ಮಾದೇಶ ಹನೂರಿನಿಂದ ಫೋನು ಮಾಡಿ, "ಅಣ್ಣೋ, ನಂದು ಕಬ್ಬಿನ ಮಿಷನ್ ಬಂದದೆ. ಇಂಜಿನ್ ಕೂರ್ಸಕೆ ಜಾಗ ಅಳ್ತೆ ಮಾಡ್ಬೇಕು, ಒಸಿ ಉದ್ದ ಅಗಲ ಏಳ್ತೀಯಾ?" ಎಂದು ಕೇಳಿದ. ಇವನ ಸೊಕ್ಕು ನೋಡಿ ಎಂದು ಫೋನಿಟ್ಟೆ.

ಇಟ್ಟ ತಕ್ಷಣ ಇನ್ನೊಂದು ಫೋನು. ಧನಗೆರೆಯ ಹೆಂಗಸೊಬ್ಬರು, ಕರೆಂಟಿನ ದೂರು. "ಸಾ, ಮಿಕ್ಸಿ ಆಕುದ್ರೆ ಮನೆ ಕರೆಂಟೆಲ್ಲ ಸತ್ತೋಯ್ತದೆ ಸಾ. ಮಿಕ್ಸಿ ಆಫ್ ಮಾಡುದ್ರೆ ಬಲ್ಬು ಉರೀತವೆ. ಮಿಕ್ಸಿ ಕೆಟ್ಟೋಗದೆ ಅಂತ ಒಸಾದು ತಂದ್ವಿ. ಅದ್ಕೂ ಅಂಗೇ ಆಯ್ತದೆ."

ನನ್ನ ಕೈ ಗಾಡಿಯ ಟ್ಯಾಂಕಿನ ಮೇಲಿತ್ತು. ಬಾಯಿ ಮಾತ್ರ ಅಭ್ಯಾಸಬಲದಿಂದ ತಾನೇ ಹೊರಟಿತು. "ಹೊಸ ಮಿಕ್ಸಿ ಯಾಕಮ್ಮ ತಂದ್ರಿ? ಬರೋ ಕರೆಂಟು ಸರಿಯಾಗೇ ಬರ್ತಾ ಇದೆ. ವಾಪಸ್ ಹೋಗೋ ದಾರಿ ಕಟ್ಟಿದೆ. ಒಂದು ಬಲ್ಬಿಗೆ ಆ ಸಂದಿ ಸಾಕು, ಮಿಕ್ಸಿಗೆ ಸಾಕಾಗಲ್ಲ. ಈಚೆಗೆ ಮನೆಗೆ ಬಣ್ಣ ಹೊಡೆಸಿದ್ರಾ?"

"ಊ ಸಾ, ಅಬ್ಬುಕ್ಕೆ ಒಡ್ಸುದ್ವಿ. ನಿಮ್ಗೆಂಗೆ ತಿಳೀತು?"

"ಬಣ್ಣದವರು ಬೋರ್ಡು ಬಿಚ್ಚಿ ವೈರಿನ ತುದಿಗೂ ಬಣ್ಣ ಮೆತ್ತಿರ್ತಾರೆ. ನೀವು ಮುಟ್ಟಬೇಡಿ, ಲೈನ್‌ಮನ್ ಕಳಿಸ್ತೀನಿ. ಅಲ್ಲಮ್ಮ, ಬಣ್ಣದ ಮೇಲೆ ವೈರು ಕೂರಿಸಿದ್ರೆ ಕರೆಂಟು ಎಲ್ಲಿಂದ ವಾಪಸ್ ಹೋಗ್ಬೇಕು? ಮನುಷ್ಯರಾದವರಿಗೆ ಅಷ್ಟೂ ಯೋಚನೆ ಬೇಡ್ವಾ?"

ಅಷ್ಟು ಹೇಳಿ, ಫೋನು ಕಿವಿಯಲ್ಲಿದ್ದಂತೆಯೇ ಬಗ್ಗಿ ಟ್ಯಾಂಕಿನ ಕೆಳಗೆ ನೋಡಿದೆ.

"ಸಾ, ಇದ್ದೀರಾ ಸಾ?" ಎಂದು ಆಕೆ ಕೇಳಿದರು.

"ಇದ್ದೀನಮ್ಮ" ಎಂದೆ, ಸಣ್ಣ ದನಿಯಲ್ಲಿ.

ಟ್ಯಾಂಕ್ ಬಿಚ್ಚಿದೆ. ಹಳೆಯ ಗಾಡಿಗಳಲ್ಲಿ ಕರೆಂಟು ಬ್ಯಾಟರಿಗೆ ವಾಪಸ್ ಹೋಗುವುದು ಚಾಸಿಯ ಕಬ್ಬಿಣದ ಮೂಲಕವೇ; ಗಾಡಿಯ ಅರ್ತಿಂಗ್ ಎಂದರೆ ಅದೇ. ಆ ಬೋಲ್ಟಿಗೆ ಕಚ್ಚಿಕೊಂಡಿದ್ದ ಬ್ಯಾಟರಿಯ ವೈರು ನಾನು ಮುದ್ದಿನಿಂದ ಹೊಡೆದ ಎರಡು ಕೈ ಬಣ್ಣದ ಮೇಲೆ ರಾಜನಂತೆ ಕೂತಿತ್ತು. ಕಬ್ಬಿಣಕ್ಕೆ ಅದು ಮುಟ್ಟುತ್ತಿದ್ದುದು ಬೋಲ್ಟಿನ ತಿರುಪಿನ ಸುತ್ತುಗಳಲ್ಲಿ ಒಂದಿಷ್ಟು ಮಾತ್ರ. ಉಪ್ಪು ಕಾಗದ ಹಿಡಿದು, ಕಣ್ಣು ಅರ್ಧ ಮುಚ್ಚಿಕೊಂಡು, ಬೋಲ್ಟಿನ ಸುತ್ತ ಕೆರೆದೆ. ಮಾವನವರು ಕೆರೆದಿದ್ದ ಜಾಗವೇ. ವೈರು ಬಿಗಿದು, ಗಾಡಿ ಒದ್ದು, ಹಾರನ್ ಒತ್ತಿದೆ. ಎದುರುಮನೆಯ ರೇಷ್ಮೆ ವ್ಯಾಪಾರಿಗಳ ಕೈಯಿಂದ ಕಾಫಿ ಲೋಟ ಬಿತ್ತು. ನನಗೆ ಆದ ಸಂತೋಷಕ್ಕೆ ಇನ್ನೂ ಎರಡು ಸಲ ಒತ್ತಿದೆ.

ಆಯುಧಪೂಜೆಯ ದಿನ ಹೊನ್ನೂರಿನಲ್ಲಿ ವಿಭೂತಿ, ಚೆಂಡುಹೂವು, ಬೂದುಗುಂಬಳ ಎಲ್ಲ ಆಯಿತು. ಮಾದೇಶ ಕೂಡ ತನ್ನ ಟ್ರ್ಯಾಕ್ಟರಿಗೆ ಹೊಸ ಬಣ್ಣ ಹೊಡೆಸಿ ತಂದಿದ್ದ. ಬರುವಾಗ ಇಂಜಿನ್ ಅಳೆಯುವ ಟೇಪು ತಂದಿರುವುದನ್ನೂ ನೋಡಿದೆ. ನಾನು ನಿಂಬೆಹಣ್ಣು ತುಳಿಸಿ, ಹಾರನ್ನಿನ ಮೇಲೆ ಬೆರಳೂರಿ, ಹೆಡ್‌ಲೈಟು ಉರಿಸಿಕೊಂಡು ಗುಡಿ ಸುತ್ತಿ ಬಂದೆ. ಕಟ್ಟಿದ್ದ ಎತ್ತೊಂದು ಹಗ್ಗ ಕಿತ್ತುಕೊಂಡಿತು. ಮಾದೇಶ ಟೇಪನ್ನು ಜೇಬಿಗೆ ಹಾಕಿಕೊಂಡ.

ಮಾವನವರು ನನ್ನ ಪಳಪಳ ಬಣ್ಣದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಹತ್ತಿರ ಬಂದು ಟ್ಯಾಂಕಿನ ಕೆಳಗೆ ಬೆರಳು ತೂರಿಸಿ ತಡವಿದರು. "ಊ, ಕೆರ್ದಿದ್ದೀರಿ. ಗಾಡಿ ನಿಮ್ದು."

"ಮಾವ, ನಿಮಗೆ ಮೊದ್ಲೇ ಗೊತ್ತಿತ್ತಾ?"

"ನಾನೇ ಅಲ್ವಾ ವರ್ಸ ವರ್ಸ ಕೆರೀತಿದ್ದುದ್ದು. ನೀವು ಮುಚ್ಚಿದ್ದು ಪೋಟೋದಲ್ಲೇ ನೋಡ್ದೆ."

"ಒಂದು ಮಾತು ಹೇಳಬಾರದಿತ್ತಾ?"

"ಕರೆಂಟ್ ಆಪೀಸ್ನೋರ್ಗೆ ಕರೆಂಟ್ ಇಚಾರ ಏಳಕಾದದಾ? ಅದ್ಕೇ ಕೈಮುಗ್ದೆ."

ಅಷ್ಟರಲ್ಲಿ ಮಾದೇಶ ಟ್ರ್ಯಾಕ್ಟರ್ ಏರಿ ಹಾರನ್ ಒತ್ತಿದ. ಅದು "ಕುಂಯ್" ಎಂದಿತು. ಅವನು ಇಳಿದು ನನ್ನ ಹತ್ತಿರ ಬಂದ. "ಅಣ್ಣಾ, ಬಣ್ಣ ಒಡ್ಸುದ್ದಾಗಿಂದ ಇಂಗೇ ಅಂತದೆ. ಏನಿರ್ಬೋದು?" ಮಾವನವರು ತೆಂಗಿನಮರದ ಕಡೆ ನೋಡುತ್ತ ನಿಂತರು. ನಾನು ಗಂಭೀರವಾಗಿ ಗಲ್ಲ ಕೆರೆದುಕೊಂಡೆ. ಕಬ್ಬಿನ ಮಿಷನ್ ನೆನಪಾಯಿತು. "ಬ್ಯಾಟರಿ ಇರ್ಬೇಕು ಕಣೋ, ಬದಲಾಯಿಸಿ ನೋಡು" ಎಂದುಬಿಟ್ಟೆ. ಪಾಪ ಎನ್ನಿಸಿತು, ಆದರೆ ಬಹಳ ಅಲ್ಲ.

ಸಂಜೆ ಸುಮಿತ್ರಳನ್ನು ಹಿಂದೆ ಕೂರಿಸಿಕೊಂಡು ಕೊಳ್ಳೇಗಾಲದ ಕಡೆ ಹೊರಟೆ. ಕಬ್ಬಿನ ಗದ್ದೆಗಳ ನಡುವೆ ತಂಗಾಳಿ, ನನ್ನದೇ ಗಾಡಿ, ಮನಸ್ಸು ಹೂವಾಗಿತ್ತು. ಆಗ ಹಿಂದಿನಿಂದ ದೂರದಲ್ಲಿ ಒಂದು ಹಾರನ್ ಕೇಳಿಸಿತು. ಟ್ರ್ಯಾಕ್ಟರಿನದು. ಕೊಬ್ಬಿದ ಗೂಳಿಯಂತೆ ಕೂಗುತ್ತಿತ್ತು.

"ಇಷ್ಟು ಬೇಗ ಬ್ಯಾಟರಿ ಎಲ್ಲಿ ಸಿಕ್ತು ಅವನಿಗೆ?" ಎಂದೆ.

"ಬ್ಯಾಟರಿ ಯಾಕೆ?" ಎಂದಳು ಸುಮಿತ್ರ. "ಮಾದೇಶ ಅವರ ಹತ್ರ, ನಿಮ್ಮ ಟ್ರ್ಯಾಕ್ಟರಿಗೆ ಒಂದು ಗುಂಡಿ ತೋಡಿ ನೀರು ಹಾಕ್ಲಾ ಅಂತ ತಮಾಷೆ ಮಾಡ್ದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ, ಉಪ್ಪು ಕಾಗದ ಎಲ್ಲಿ ಅಂತ ಅಪ್ಪನ್ನ ಕೇಳಿದ್ರು."

ನಾನು ಹಾರನ್ ಒತ್ತಿದೆ. ಅದೊಂದು ಮಾತ್ರ ಚೆನ್ನಾಗಿ ಕೂಗಿತು.